ಲೋರಿನ್ ಹೆಸರಿನ ಮೊದಲ ಊಟ

ನಮ್ಮ ಊರಿಗೆ ಹಡಗಿನಲ್ಲಿ ಬಂದಿಳಿಯುವ ಪ್ರವಾಸಿಗಳಿಗೆ ದಕ್ಕೆಯ ಮೇಲೇ ಒಂದೊಂದು ಹೆಸರು ಕೊಡುತ್ತೇವೆ. ಕೊಡುವ ಕಿಟಕಿಯ ಹಿಂದೆ ಕೂತಿರುವವನು ನಾನು. ಈ ಊರಿನಿಂದ ಕಡಲಿಗೆ ಹೋಗಿ ಮರಳಿ ಬಾರದವರ ಹೆಸರುಗಳು ಅವು. ಬಂದವರು ಇಲ್ಲಿರುವಷ್ಟು ದಿನ ಆ ಹೆಸರಿನಲ್ಲೇ ಇರಬೇಕು, ಹೊರಡುವಾಗ ಅದೇ ಕಿಟಕಿಯಲ್ಲಿ ವಾಪಸು ಕೊಡಬೇಕು. ನಡುವೆ ಒಂದು ದಿನ ಆ ಹೆಸರಿನ ಮನೆಯವರು ಮಧ್ಯಾಹ್ನದ ಊಟಕ್ಕೆ ಕರೆಯುತ್ತಾರೆ. ಹೋಗಬೇಕು, ಬಡಿಸಿದ್ದನ್ನು ಉಂಡು ಬರಬೇಕು. ಯುರೋಪಿನ ಅಂಚಿನಲ್ಲಿರುವ ಈ ದೇಶದ ಉಳಿದ ಬಂದರುಗಳಲ್ಲಿ ಈ ಪದ್ಧತಿ ಇಲ್ಲ. ನಮ್ಮಲ್ಲಿ ಇದೆ.

ಹೆಸರಿನ ಜೊತೆ ಒಂದು ಮಾಹಿತಿ ಪತ್ರವನ್ನೂ ಕೊಡುತ್ತೇನೆ. ಅದನ್ನು ಬರೆದವನೂ ನಾನೇ. ನಲ್ಲಿಯ ನೀರು ಕುಡಿಯಬಹುದು. ಪ್ಲಗ್ಗಿಗೆ ಎರಡು ದುಂಡು ಕಡ್ಡಿ ಇರಬೇಕು. ಭಾನುವಾರ ಅಂಗಡಿ ತೆರೆದಿರುವುದಿಲ್ಲ, ಔಷಧಿ ಬೇಕಾದರೆ ಚರ್ಚಿನ ಹಿಂದಿನ ಹಸಿರು ಬಾಗಿಲು ಬಡಿಯಿರಿ. ಬೇಸಿಗೆಯಲ್ಲೂ ಗಾಳಿ ತಣ್ಣಗಿರುತ್ತದೆ, ಸ್ವೆಟರ್ ಬಿಟ್ಟು ಹೊರಗೆ ಹೋಗಬೇಡಿ. ಕಡಲಹಕ್ಕಿಗಳು ಕೈಯಲ್ಲಿರುವ ಬ್ರೆಡ್ಡನ್ನು ಕಸಿದುಕೊಳ್ಳುತ್ತವೆ. ಪಾಚಿ ಹಿಡಿದ ಮೆಟ್ಟಿಲು ಇಳಿಯಬೇಡಿ. ಮನೆಯೊಳಗೆ ಹೋಗುವಾಗ ಬೂಟು ಬಿಚ್ಚಿ. ನಿಮಗೆ ಕೊಟ್ಟ ಹೆಸರನ್ನು ಯಾರಾದರೂ ಬೀದಿಯಲ್ಲಿ ಕೂಗಿದರೆ ನಿಂತು ತಿರುಗಿ ನೋಡಿ. ಕೆಲಸವೇನೂ ಇಲ್ಲದೆ ಸುಮ್ಮನೆ ಕೂಗಿರಲೂಬಹುದು, ಬೇಸರ ಮಾಡಿಕೊಳ್ಳಬೇಡಿ.

ಊರಿನವರು ಇದಕ್ಕೆ ಒಗ್ಗಿಹೋಗಿದ್ದಾರೆ. ಲಾಡ್ಜಿನ ರಿಜಿಸ್ಟರಿನಲ್ಲೂ ಪೊಲೀಸು ಠಾಣೆಯಲ್ಲೂ ಇದೇ ಹೆಸರುಗಳು ನಡೆಯುತ್ತವೆ. ಎಂಟು ಮಕ್ಕಳ ತಂದೆಯೊಬ್ಬನ ಹೆಸರು ಒಮ್ಮೆ ಇಪ್ಪತ್ತು ವರ್ಷದ ಹುಡುಗಿಗೆ ಹೋಯಿತು. ಎಂಟೂ ಮಕ್ಕಳು, ಎಲ್ಲರೂ ಐವತ್ತು ದಾಟಿದವರು, ಅವಳನ್ನು ನಡುವೆ ಕೂರಿಸಿಕೊಂಡು ಫೋಟೊ ತೆಗೆಸಿಕೊಂಡರು. ಇನ್ನೊಮ್ಮೆ ಒಬ್ಬ ಹೆಂಗಸು ನನ್ನ ಕಿಟಕಿಗೆ ಬಂದು, ನನ್ನ ಗಂಡ ಬದುಕಿದ್ದಾಗ ಕುಡಿದವನಲ್ಲ, ಈಗ ಮೂರು ದಿನದಿಂದ ಬಾರಿನಲ್ಲೇ ಬಿದ್ದಿದ್ದಾನೆ, ಸ್ವಲ್ಪ ಹೇಳಿ ನೋಡು ಎಂದಳು. ಹೋಗಿ ಹೇಳಿದೆ. ಆ ಪ್ರವಾಸಿ ಒಳ್ಳೆಯವನು, ಸಂಜೆ ಹೋಗಿ ಅವಳ ಕ್ಷಮೆ ಕೇಳಿ ಬಂದ.

ನಾನು ಭಟ್ಕಳದ ಜಟ್ಟಪ್ಪ ಮೊಗೇರ. ಸರಕು ಹಡಗಿನಲ್ಲಿ ಅಡುಗೆ ಮಾಡಿಕೊಂಡಿದ್ದವನು ಜ್ವರ ಬಂದು ಇಲ್ಲಿ ಇಳಿದೆ. ಇಳಿದಾಗ ನನಗೆ ಸಿಕ್ಕ ಹೆಸರು ಮತಿಸ್. ಜ್ವರ ಬಿಟ್ಟಿತು, ನಾನು ಊರು ಬಿಡಲಿಲ್ಲ. ವಾಪಸು ಕೊಡದ ಹೆಸರು ಹಾಗೇ ಉಳಿಯಿತು. ನಾಲ್ಕಾರು ಭಾಷೆ ಬರುತ್ತದೆಂದು ಈ ಕೆಲಸ ಕೊಟ್ಟರು. ಇಲ್ಲಿಯವರ ಮಾತು ನನ್ನ ಕಿವಿಗೆ ಈಗ ನಮ್ಮ ಬಂದರದ ಮಾತಿನ ಹಾಗೆಯೇ ಕೇಳಿಸುತ್ತದೆ. ಹೇಗೆ ಕೇಳಿಸುತ್ತದೋ ಹಾಗೆ ಬರೆಯುತ್ತೇನೆ.

ಈಗ ಒಡಿಲಮ್ಮನ ವಿಷಯ. ಅವರ ಹೆಸರು ಒಡಿಲಾ, ಒಡಿಲಮ್ಮ ಮಾಡಿಕೊಂಡವನು ನಾನು. ದಕ್ಕೆಯ ಹಿಂದಿನ ಓಣಿಯಲ್ಲಿ ನೀಲಿ ಕಿಟಕಿಯ ಮನೆ. ಗಂಡ ಬೇಗ ಹೋಗಿಬಿಟ್ಟ, ಇವರು ಮೀನಿಗೆ ಉಪ್ಪು ಹಾಕುವ ಶೆಡ್ಡಿನಲ್ಲಿ ಮೂವತ್ತು ವರ್ಷ ದುಡಿದರು. ಒಬ್ಬನೇ ಮಗ ಲೋರಿನ್. ಇಪ್ಪತ್ತಾರನೆಯ ವಯಸ್ಸಿನಲ್ಲಿ ಇನ್ನೂ ಮೂವರ ಜೊತೆ ದೋಣಿಯಲ್ಲಿ ಹೋದವನು ಬರಲಿಲ್ಲ. ಉಳಿದ ಮೂವರ ಹೆಸರುಗಳು ವರ್ಷದೊಳಗೆ, ಕೊಡುವ ಹೆಸರುಗಳನ್ನೆಲ್ಲ ಹಾಕಿಡುವ ನಮ್ಮ ಕಚೇರಿಯ ಹಲಗೆಗೆ ಬಂದವು. ಹೆಸರನ್ನು ನಾವಾಗಿ ತೆಗೆದುಕೊಳ್ಳುವಂತಿಲ್ಲ, ಮನೆಯವರೇ ಚೀಟಿಯಲ್ಲಿ ಬರೆದು ತಂದುಕೊಡಬೇಕು. ಮೊದಲ ಸಾಲಿನಲ್ಲಿ ಹೆಸರು, ಎರಡನೆಯ ಸಾಲಿನಲ್ಲಿ ಅವನಿಗೆ ಅತ್ಯಂತ ಇಷ್ಟವಾಗಿದ್ದ ಊಟ. ಅತಿಥಿಗೆ ಅದನ್ನೇ ಬಡಿಸಬೇಕು. ಒಡಿಲಮ್ಮ ಹತ್ತೊಂಬತ್ತು ವರ್ಷ ಚೀಟಿ ತರಲಿಲ್ಲ.

ಅವರು ಮಗನ ದಾರಿ ಕಾಯುತ್ತಿದ್ದಾರೆ ಎಂದು ಊರು ತಿಳಿದುಕೊಂಡಿತು. ಯಾರಿಗಾದರೂ ಹಾಗೆಯೇ ಅನ್ನಿಸುತ್ತಿತ್ತು. ಹಾಗಾಗಿ ಆ ಓಣಿಯಲ್ಲಿ ಯಾರೂ ಅವರ ಮುಂದೆ ಲೋರಿನ್ ಹೆಸರೆತ್ತುತ್ತಿರಲಿಲ್ಲ. ಮಾತಾಡುತ್ತ ನಿಂತವರು ಅವರು ಬಂದರೆ ಹವೆಯ ವಿಷಯಕ್ಕೆ ತಿರುಗಿಕೊಳ್ಳುತ್ತಿದ್ದರು. ಒಡಿಲಮ್ಮನೂ ಹವೆಯ ಬಗ್ಗೆಯೇ ಒಂದೆರಡು ಮಾತಾಡಿ ಮನೆಗೆ ಹೋಗುತ್ತಿದ್ದರು.

ಕಳೆದ ವರ್ಷ ಮೇ ತಿಂಗಳ ಒಂದು ಗುರುವಾರ ಬೆಳಿಗ್ಗೆ ಅವರು ನನ್ನ ಕಿಟಕಿಯ ಮುಂದೆ ಬಂದು ನಿಂತರು. ಕೋಟಿನ ಎಲ್ಲ ಗುಂಡಿ ಹಾಕಿದ್ದರು.

"ಮತಿಸ್, ಇದನ್ನು ತಕೊ."

ಚೀಟಿ ಬಿಡಿಸಿದೆ. ಮೊದಲ ಸಾಲು ದಪ್ಪ ಅಕ್ಷರದಲ್ಲಿ ಸರಿಯಾಗಿತ್ತು. ಎರಡನೆಯ ಸಾಲಿನಲ್ಲಿ ಏನೋ ಬರೆದು, ಹೊಡೆದು, ಮತ್ತೆ ಬರೆದು, ಮತ್ತೆ ಹೊಡೆದು, ಕೊನೆಗೆ 'ಮೀನಿನ ಸಾರು' ಎಂದಿತ್ತು. ನಮ್ಮಲ್ಲಿರುವ ಚೀಟಿಗಳಲ್ಲಿ ಮುಕ್ಕಾಲು ಪಾಲಿನಲ್ಲಿ ಇರುವುದು ಅದೇ. ನಾನು ಯೋಚಿಸಲಿಲ್ಲ.

"ನನಗೆ ಎಪ್ಪತ್ತೆಂಟಾಯ್ತು," ಎಂದರು. "ನಾನು ಹೋದ ಮೇಲೆ ಅವನ ಹೆಸರನ್ನು ಕೊಡುವವರು ಯಾರೂ ಇಲ್ಲ. ಚೆನ್ನಾಗಿ ಉಣ್ಣುವವರಿಗೆ ಕೊಡು. ತಟ್ಟೆಯಲ್ಲಿ ಬಿಡುವವರು ಬೇಡ."

"ಆಗಲಿ ಅಮ್ಮ."

ಅವರು ಹಾಗೆ ಹೇಳಿದ್ದಕ್ಕೆ ಕಾರಣವಿತ್ತು. ಹೊಸ ಹೆಸರಿನ ಮೊದಲ ಊಟ ನಮ್ಮಲ್ಲಿ ದೊಡ್ಡ ಸಂಗತಿ. ಓಣಿಯವರೆಲ್ಲ ಹೊರಗೆ ನಿಂತಿರುತ್ತಾರೆ. ಅತಿಥಿ ಉಂಡು ಮುಗಿಸಿದ ಮೇಲೆ ಮನೆಯವರು ಕಿಟಕಿ ತೆರೆದು ಖಾಲಿ ತಟ್ಟೆಯನ್ನು ಹೊರಗಿನ ಕಟ್ಟೆಯ ಮೇಲೆ ಇಡುತ್ತಾರೆ. ಆಮೇಲೆ ನಾನು ಹೋಗಿ ಹೆಸರನ್ನು ಮೊಳೆ ಹೊಡೆದು ಹಲಗೆಗೆ ಹಾಕುತ್ತೇನೆ. ತಟ್ಟೆ ಹೊರಗೆ ಬರದಿದ್ದರೆ ಹೆಸರು ಮನೆಗೆ ವಾಪಸು, ಅದನ್ನು ಎರಡನೆಯ ಸಲ ತೆಗೆದುಕೊಳ್ಳುವುದಿಲ್ಲ. ನನ್ನ ಕಾಲದಲ್ಲಿ ಹಾಗೆ ಎರಡು ಹೆಸರು ಹೋಗಿವೆ. ಆ ಎರಡು ಮನೆಯವರೂ ಊರು ಬಿಟ್ಟರು.

ತಕ್ಕವರು ಸಿಕ್ಕಾಗ ಕೊಡೋಣವೆಂದು ಚೀಟಿಯನ್ನು ಡ್ರಾಯರಿನಲ್ಲಿ ಎಲ್ಲಕ್ಕಿಂತ ಮೇಲಿಟ್ಟೆ. ಮರುದಿನದ ಹಡಗಿನಲ್ಲಿ ಗದಗ, ಹುಬ್ಬಳ್ಳಿ ಕಡೆಯ ಹದಿನಾಲ್ಕು ಜನ ಬರುವವರಿದ್ದರು. ಎಲ್ಲರೂ ನಿವೃತ್ತ ಶಿಕ್ಷಕರು. ನಾನು ಇಲ್ಲಿ ಇಳಿದ ಮೇಲಿನ ಹನ್ನೊಂದು ವರ್ಷದಲ್ಲಿ ನಮ್ಮ ಊರಿಗೆ ಕನ್ನಡದವರು ಬಂದದ್ದು ಅದೇ ಮೊದಲು. ಪಟ್ಟಿ ಕೈಸೇರಿದ ದಿನದಿಂದ ನನಗೆ ನೆಲದ ಮೇಲೆ ಕಾಲು ನಿಂತಿರಲಿಲ್ಲ. ಮಾಹಿತಿ ಪತ್ರವನ್ನು ಕನ್ನಡದಲ್ಲಿ ಬರೆದು ಹದಿನಾಲ್ಕು ಪ್ರತಿ ಮಾಡಿಸಿ ಇಟ್ಟಿದ್ದೆ.

ಸಾಲಿನಲ್ಲಿ ಮೊದಲು ನಿಂತವರು ಗದಗಿನ ಗುರುಬಸಮ್ಮ ಅಂಗಡಿ. ಉಳಿದವರೆಲ್ಲ ಅವರನ್ನು ಅಂಗಡಿ ಟೀಚರ್ ಎನ್ನುತ್ತಿದ್ದರು. ಎಪ್ಪತ್ತರ ಹತ್ತಿರದ ವಯಸ್ಸು, ಇಳಕಲ್ ಸೀರೆಯ ಮೇಲೆ ಗಂಡಸರ ಸ್ವೆಟರ್, ಕಾಲಿಗೆ ಬಿಳಿ ಕ್ಯಾನ್ವಾಸ್ ಬೂಟು. ಪತ್ರ ಕೊಟ್ಟದ್ದೇ ಕನ್ನಡಕ ಏರಿಸಿ ಓದಲಿಕ್ಕೆ ನಿಂತರು. ಹಿಂದಿನವರು ಕಾಯುತ್ತಿದ್ದರೂ ಅವಸರವಿಲ್ಲ.

"ಇದನ್ನ ಯಾರು ಬರದಾರ್ರಿ?"

"ನಾನೇ ಟೀಚರೇ. ನಂದು ಭಟ್ಕಳ."

"ಅಯ್ಯ, ನಮ್ಮವರ! ಭಾಳ ಛಲೋ ಆತು." ಆಮೇಲೆ ಪೆನ್ನು ತೆಗೆದರು. "ಆದ್ರ ಇಲ್ಲಿ 'ಪ್ರವಾಸಿಗಳು' ಅನ್ನೂದರಾಗ 'ಸಿ' ಬಿಟ್ಟೀರಿ. 'ಹಕ್ಕಿಗಳು ಕಸಿದುಕೊಳ್ಳುತ್ತಾರೆ' ಅಂತ ಬರದೀರಿ. ಹಕ್ಕಿಗೆ ಇಷ್ಟು ಮರ್ಯಾದಿ ಯಾಕ ಕೊಡತೀರಿ? ಕಳ್ಳ ಹಕ್ಕಿ ಬ್ಯಾರೆ."

ಸಾಲಿನಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಭಟ್ಕಳದ ಮೀನುಪೇಟೆ ಈಗ ಹೇಗಿದೆ, ಗದಗಿನಲ್ಲಿ ಬಿಸಿಲು ಎಷ್ಟಿದೆ, ಒಂದರ ಮೇಲೊಂದು ಮಾತು. ಆ ಮಾತಿನ ನಡುವೆ ಕೈ ತಾನಾಗಿ ಡ್ರಾಯರಿಗೆ ಹೋಯಿತು, ಮೇಲಿದ್ದ ಚೀಟಿ ತೆಗೆಯಿತು, ಟೀಚರ ಕಾರ್ಡಿನಲ್ಲಿ ಆ ಹೆಸರು ಬರೆದು ಸೀಲು ಹೊಡೆಯಿತು. ಅವರು ಹೆಸರು ಓದಿಕೊಂಡರು. "ಲೋರಿನ್. ಛಲೋ ಐತಿ. ನಮ್ಮ ಸಾಲಿಯೊಳಗ ಲೋಕೇಶ ಅಂತ ಒಬ್ಬ ಇದ್ದ, ಲೋರಿ ಲೋರಿ ಅಂತ ಕರೀತಿದ್ರು." ಬದಿಗೆ ಸರಿದರು.

ಯಾರಾದರೂ ಏನನ್ನಾದರೂ ತಿನ್ನುವುದಿಲ್ಲವೇ ಎಂದು ಸೀಲು ಹೊಡೆಯುವ ಮೊದಲು ಕೇಳುವುದು ನನ್ನ ಕೆಲಸ. ಹಿಟ್ಟಿನ ದೋಸೆ, ಗೆಣಸು, ಹಾಲಿನ ಗಂಜಿ ಇಷ್ಟವಾಗಿದ್ದವರ ಹೆಸರುಗಳನ್ನು ಅದಕ್ಕೆಂದೇ ಬೇರೆ ಇಟ್ಟಿರುತ್ತೇನೆ. ಎರಡನೆಯವರ ಸರದಿ ಬಂದಾಗ ಆ ಪ್ರಶ್ನೆ ನೆನಪಾಯಿತು. ಟೀಚರ ಕಡೆ ತಿರುಗಿದೆ. ಅವರು ಕುತ್ತಿಗೆಯಲ್ಲಿದ್ದ ಇಷ್ಟಲಿಂಗದ ಬೆಳ್ಳಿ ಕರಡಿಗೆಯನ್ನು ಸ್ವೆಟರಿನೊಳಗೆ ಸರಿಸಿಕೊಳ್ಳುತ್ತ ದಕ್ಕೆಯ ಮೇಲೆ ಸುರಿದಿದ್ದ ಮೀನಿನ ರಾಶಿಯಿಂದ ದೂರ ದೂರ ನಡೆಯುತ್ತಿದ್ದರು. ಸೀಲು ಬಿದ್ದ ಹೆಸರನ್ನು ಬದಲಿಸುವಂತಿಲ್ಲ.

ಒಡಿಲಮ್ಮ ಊಟಕ್ಕೆ ಸೋಮವಾರ ಎಂದು ಹೇಳಿ ಕಳಿಸಿದರು. ಶನಿವಾರ ನಾನು ಲಾಡ್ಜಿಗೆ ಹೋದೆ. ಟೀಚರ್ ಬಿಸಿಲಿಗೆ ಕುರ್ಚಿ ಹಾಕಿಕೊಂಡು ಕಡಕ್ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ತಿನ್ನುತ್ತಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ಹತ್ತೊಂಬತ್ತು ವರ್ಷ, ಚೀಟಿ, ಖಾಲಿ ತಟ್ಟೆ, ಏನನ್ನೂ ಬಿಡಲಿಲ್ಲ.

"ಅಂದ್ರ ನಾ ಮೀನ ತಿನ್ನಲಿಲ್ಲಂದ್ರ ಆ ಹುಡುಗನ ಹೆಸರು ಹೋಗತೈತಿ."

"ಹೌದು ಟೀಚರೇ. ತಪ್ಪು ನಂದು. ಎಂತ ಮಾಡುದು ಅಂತ ಗೊತ್ತಾಗ್ತಿಲ್ಲ. ಒಂದು ದಾರಿ ಉಂಟು. ಅವರು ಒಳಗೆ ಹೋದಾಗ ನಿಮ್ಮ ತಟ್ಟೆಯದ್ದನ್ನು ನಾನು ತಿಂದುಬಿಡ್ತೇನೆ. ಯಾರಿಗೂ ಗೊತ್ತಾಗುದಿಲ್ಲ."

ಟೀಚರ್ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. "ಮೂವತ್ತೆಂಟು ವರ್ಷ ಪರೀಕ್ಷಾದಾಗ ಹುಡುಗರ ಕಾಪಿಚೀಟಿ ಹಿಡದೀನಿ ನಾ. ಈಗ ನಾನ ಕಾಪಿ ಹೊಡೀಲೇನು?"

ಅವರು ರೊಟ್ಟಿಯ ಡಬ್ಬಿ ಮುಚ್ಚಿಟ್ಟರು.

"ಮೀನ ನಾ ತಿನ್ನೂದಿಲ್ಲ. ಊಟಕ್ಕ ಹೋಗೇ ಹೋಗತೀನಿ. ಕರದ ಮ್ಯಾಲ ಹೋಗದಿದ್ರ ಹ್ಯಾಂಗ? ನೀವು ಇವತ್ತ ಅವರ ಮನಿಗೆ ಹೋಗಿ ಇದ್ದದ್ದು ಇದ್ದಂಗ ಹೇಳ್ರಿ. ತಾಯಿ ಅದಾಳ, ತಿಳ್ಕೋತಾಳ."

ಹೋದೆ. ಒಡಿಲಮ್ಮ ಬಾಗಿಲು ತೆರೆದರು. ಮನೆಯೆಲ್ಲ ತೊಳೆದ ವಾಸನೆ. ಮೇಜಿನ ಮೇಲೆ ಬಿಳಿಯ ಬಟ್ಟೆ ಹಾಸಿ ಇಸ್ತ್ರಿ ಮಾಡುತ್ತಿದ್ದರು. ಸೋಮವಾರದ ಮೀನಿಗೆ ಹೇಳಿಯಾಗಿದೆ, ಬೆನ್ನಿನ ತುಂಡೇ ಬೇಕೆಂದು ಹೇಳಿದ್ದೇನೆ ಎಂದರು. ಬಂದವರು ಗಂಡಸೋ ಹೆಂಗಸೋ ಎಂದು ಕೇಳಿದರು. ಹೆಂಗಸು, ಟೀಚರಾಗಿದ್ದವರು ಎಂದೆ. "ಓದಿದವರು ನಿಧಾನಕ್ಕೆ ಉಣ್ಣುತ್ತಾರೆ, ಉಣ್ಣಲಿ," ಎಂದು ಮತ್ತೆ ಇಸ್ತ್ರಿಗೆ ಬಾಗಿದರು. ಹೇಳಬೇಕಾದದ್ದನ್ನು ಹೇಳಲಿಲ್ಲ. ಭಾನುವಾರವೂ ಹೋದೆ, ಅವತ್ತೂ ಹೇಳಲಿಲ್ಲ.

ಸೋಮವಾರ ಹನ್ನೆರಡಕ್ಕೆ ಟೀಚರನ್ನು ಕರೆದುಕೊಂಡು ಓಣಿಗೆ ಹೋದಾಗ ಆಗಲೇ ಇಪ್ಪತ್ತು ಇಪ್ಪತ್ತೈದು ಜನ ಸೇರಿದ್ದರು. ಎದುರು ಮನೆಯ ಬೆರ್ತಾ, ಬೇಕರಿಯವಳು, ಅಂಗಡಿ ಮುಚ್ಚಿ ಬಂದಿದ್ದಳು. ದೋಣಿ ರಿಪೇರಿ ಮಾಡುವ ಮುದುಕ ಇವೊ ಗೋಡೆಗೆ ಒರಗಿ ನಿಂತಿದ್ದ. ಟೀಚರ್ ಎಲ್ಲರಿಗೂ ಕೈಮುಗಿದರು, ಬೂಟು ಬಿಚ್ಚಿ ಒಳಗೆ ಹೋದರು. ದುಭಾಷಿಯಾಗಿ ನಾನು ಹಿಂದೆ ಹೋದೆ.

ಒಡಿಲಮ್ಮ ಅವರನ್ನು ಕಿಟಕಿಯ ಪಕ್ಕ ಕೂರಿಸಿದರು. ನೀಲಿ ಅಂಚಿನ ತಟ್ಟೆ ತುಂಬ ಬಿಳಿ ಸಾರು, ನಡುವೆ ಮೀನಿನ ದಪ್ಪ ತುಂಡು, ಮೇಲೆ ಬೆಣ್ಣೆ ಕರಗುತ್ತಿತ್ತು. ತಾವು ಎದುರು ಕೂತು ಕೈಕಟ್ಟಿಕೊಂಡರು. ಟೀಚರ್ ತಟ್ಟೆ ನೋಡಿದರು, ನನ್ನನ್ನು ನೋಡಿದರು.

"ಹೇಳೀರಿಲ್ಲೋ?"

ಇಲ್ಲ ಎಂದೆ.

"ಈಗ ಹೇಳ್ರಿ."

ಹೇಳಿದೆ. ಇವರು ಹುಟ್ಟಿದಾಗಿನಿಂದ ಮೀನು ಮಾಂಸ ಮುಟ್ಟಿದವರಲ್ಲ, ಇವರ ಮತದಲ್ಲಿ ಅದು ಇಲ್ಲ, ತಪ್ಪು ನನ್ನದು ಎಂದೆ. ಒಡಿಲಮ್ಮನ ಮುಖದಲ್ಲಿ ಏನೂ ಕಾಣಲಿಲ್ಲ. ಉಪ್ಪಿನಲ್ಲಿ ಮೂವತ್ತು ವರ್ಷ ಇದ್ದ ಕೈಗಳು, ಬೆರಳುಗಳ ಚರ್ಮ ದಪ್ಪ, ಆ ಬೆರಳುಗಳಿಂದ ಮೇಜಿನ ಬಟ್ಟೆಯ ಸುಕ್ಕನ್ನು ನೇರ ಮಾಡಿದರು.

"ಹಾಗಾದರೆ ಯಾಕೆ ಬಂದರು?"

ಟೀಚರಿಗೆ ಅದನ್ನು ಕನ್ನಡದಲ್ಲಿ ಹೇಳಿದೆ. ಅವರು ನೇರ ಒಡಿಲಮ್ಮನನ್ನೇ ನೋಡುತ್ತ ಮಾತಾಡಿದರು, ನಡುವೆ ನಾನಿದ್ದೇನೆಂಬುದೇ ಇಲ್ಲದ ಹಾಗೆ. "ನಿಮ್ಮ ಮಗನ ಹೆಸರು ಇಟಗೊಂಡು ನಾಕು ದಿನ ಈ ಊರಾಗ ತಿರುಗೀನವಾ. ಅವ ಎಂಥಾವ ಇದ್ದ ಅಂತ ಕೇಳಲಾರದ ಹೋದ್ರ ತಪ್ಪಾಗತೈತಿ. ಅದಕ್ಕ ಬಂದೆ." ತಟ್ಟೆಯ ಕಡೆ ಬೆರಳು ತೋರಿಸಿ ಕೇಳಿದರು. "ಇದು ಅವಗ ಭಾಳ ಸೇರತಿತ್ತೇನು?"

ಸುಲಭದ ಪ್ರಶ್ನೆ. ಹೌದು ಎನ್ನಬಹುದಿತ್ತು. ಒಡಿಲಮ್ಮ ಎದ್ದು ಒಲೆಯ ಹತ್ತಿರ ಹೋದರು, ಅಲ್ಲಿ ಮಾಡುವುದೇನೂ ಇರಲಿಲ್ಲ, ವಾಪಸು ಬಂದು ಕೂತರು.

"ಗೊತ್ತಿಲ್ಲ," ಎಂದರು.

ನಾನು ಅದನ್ನು ಕನ್ನಡಕ್ಕೆ ತರುವುದಕ್ಕೆ ಮೊದಲೇ ಮುಂದುವರಿಸಿದರು. ನನ್ನ ಕಡೆ ನೋಡಲಿಲ್ಲ.

"ಬೆಳಿಗ್ಗೆ ಐದಕ್ಕೆ ಶೆಡ್ಡಿಗೆ ಹೋಗಬೇಕಿತ್ತು. ಬರುವಾಗ ಅವನು ಮಲಗಿರುತ್ತಿದ್ದ. ಏನಾದರೂ ಮಾಡಿ ಮುಚ್ಚಿಟ್ಟು ಹೋಗುತ್ತಿದ್ದೆ. ಕೆಲವು ದಿನ ಖಾಲಿ ಆಗಿರುತ್ತಿತ್ತು, ಕೆಲವು ದಿನ ಹಾಗೇ ಇರುತ್ತಿತ್ತು. ಆಚೆ ಈಚೆ ಮನೆಯವರು ಕರೆದು ಹಾಕುತ್ತಿದ್ದರು ಅಂತ ಗೊತ್ತು. ಏನು ಹಾಕುತ್ತಿದ್ದರು ಅಂತ ಕೇಳಲಿಲ್ಲ. ದೊಡ್ಡವನಾದ ಮೇಲೆ ದೋಣಿಯಲ್ಲೇ ಉಂಡು ಬರುತ್ತಿದ್ದ. ಅವನು ಹೋದ ವರ್ಷವೇ ಚೀಟಿ ಬರೆಯಲಿಕ್ಕೆ ಕೂತೆ. ಮೊದಲ ಸಾಲು ಬರೆದೆ. ಎರಡನೆಯದು ಬರೆಯಲಾಗಲಿಲ್ಲ. ಪ್ರತಿ ವರ್ಷ ಕೂತೆ. ನಾನು ಅವನನ್ನು ಕಾಯುತ್ತಿದ್ದೇನೆ ಅಂತ ಇವರೆಲ್ಲ ಅಂದುಕೊಂಡರು. ಅಂದುಕೊಳ್ಳಲಿ ಅಂತ ಬಿಟ್ಟೆ. ಹೆತ್ತವಳಿಗೆ ಮಗನಿಗೆ ಏನಿಷ್ಟ ಅಂತ ಗೊತ್ತಿಲ್ಲ ಅಂತ ಹೇಗೆ ಹೇಳುವುದು?"

ಇಷ್ಟನ್ನು ನಾನು ಕನ್ನಡದಲ್ಲಿ ಹೇಳುವಷ್ಟರಲ್ಲಿ ಸಾರಿನ ಮೇಲಿನ ಬೆಣ್ಣೆ ಹೆಪ್ಪುಗಟ್ಟಿತ್ತು. ಟೀಚರ್ ಪೂರ್ತಿ ಕೇಳಿಸಿಕೊಂಡರು. ಸಮಾಧಾನ ಹೇಳಲಿಲ್ಲ, ಕೈ ಹಿಡಿದುಕೊಳ್ಳಲಿಲ್ಲ.

"ನಮ್ಮನಿಯವರಿಗೆ ಏನ ಸೇರತಿತ್ತು ಅಂತ ನನಗೂ ಗೊತ್ತಿಲ್ಲ," ಎಂದರು. "ಹಾಕಿದ್ದು ಉಂಡು, ಛಲೋ ಆಗೇತಿ ಅಂತಿದ್ರು. ಉಪ್ಪು ಹಾಕೂದು ಮರತ ದಿನಾನೂ ಛಲೋ ಆಗೇತಿ ಅಂದಿದ್ರು." ಆಮೇಲೆ ಅಡುಗೆಮನೆಯ ಕಡೆ ಕತ್ತು ಚಾಚಿದರು. "ಮನಿಯಾಗ ಆಲೂಗಡ್ಡಿ ಅದಾವೇನು ಕೇಳ್ರಿ."

ಇದ್ದವು. ನೀರುಳ್ಳಿ ಇತ್ತು, ಎಣ್ಣೆ ಇತ್ತು. ಟೀಚರ್ ಎದ್ದು ಸೆರಗು ಸಿಕ್ಕಿಸಿದರು. ಕೈಚೀಲದಿಂದ ಒಂದು ಉದ್ದನೆಯ ಸ್ಟೀಲ್ ಡಬ್ಬಿ ತೆಗೆದರು. ಸಾಸಿವೆ, ಅರಿಷಿಣ, ಕೆಂಪು ಖಾರ. ಒಡಿಲಮ್ಮ ಏನೂ ಕೇಳದೆ ಚಾಕು ತಂದು ಆಲೂಗಡ್ಡೆ ಹೆರೆಯತೊಡಗಿದರು. ಇಬ್ಬರೂ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದಿದ್ದರೂ ಮಾತಾಡುತ್ತಲೇ ಇದ್ದರು, ಸಣ್ಣದಾಗಿ ಹೆಚ್ಚು, ಉರಿ ಕಡಿಮೆ ಮಾಡು, ಇಂಥವೇ. ಸಾಸಿವೆ ಸಿಡಿದಾಗ ಒಡಿಲಮ್ಮ ಹಿಂದಕ್ಕೆ ಹಾರಿದರು. ಹೊರಗೆ ಕಾಯುತ್ತಿದ್ದವರಿಗೆ ವಾಸನೆ ಹೋಗಿರಬೇಕು, ಗುಜುಗುಜು ಕೇಳಿಸಿತು. ಯಾರೋ ಕೆಮ್ಮಿದರು.

ನಾನು ಕೂತಲ್ಲೇ ಕೂತಿದ್ದೆ. ಕಾನೂನಿನ ಪ್ರಕಾರ ಚೀಟಿಯಲ್ಲಿ ಬರೆದದ್ದನ್ನೇ ಉಣ್ಣಬೇಕು. ಆದರೆ ಚೀಟಿಯಲ್ಲಿ ಇದ್ದದ್ದು ಸುಳ್ಳು ಎಂದು ಬರೆದವರೇ ಹೇಳಿಬಿಟ್ಟಿದ್ದರು. ಕಿಸೆಯಿಂದ ಚೀಟಿ ತೆಗೆದು, ಎರಡನೆಯ ಸಾಲನ್ನು ಹೊಡೆದುಹಾಕಿ, ಸೀಲು ಹೊಡೆಯುವವನ ಅಧಿಕಾರದಿಂದ ಪಕ್ಕದಲ್ಲಿ ಸಹಿ ಮಾಡಿದೆ. ಅಂಥ ಅಧಿಕಾರ ನನಗೆ ಇದೆಯೋ ಇಲ್ಲವೋ ಈಗಲೂ ಗೊತ್ತಿಲ್ಲ.

ಟೀಚರ್ ಕುತ್ತಿಗೆಯ ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು ಉಣ್ಣಲಿಕ್ಕೆ ಕೂತರು. ಬೇರೆ ತಟ್ಟೆ, ಪಲ್ಯ, ಕಪ್ಪು ಬ್ರೆಡ್ಡು. ಒಡಿಲಮ್ಮನೂ ಒಂದು ಚಮಚ ಬಾಯಿಗಿಟ್ಟು ಖಾರಕ್ಕೆ ಕಣ್ಣೊರೆಸಿಕೊಂಡರು, ಮತ್ತೆ ಒಂದು ಚಮಚ ಹಾಕಿಕೊಂಡರು. ಟೀಚರ್ ಬ್ರೆಡ್ಡಿನ ತುಂಡಿನಿಂದ ತಟ್ಟೆಯನ್ನು ಬಳಿದು ಮುಗಿಸಿದರು.

ಒಡಿಲಮ್ಮ ಕಿಟಕಿ ತೆರೆದು ತಟ್ಟೆಯನ್ನು ಕಟ್ಟೆಯ ಮೇಲಿಟ್ಟರು.

ಓಣಿಯವರು ಹತ್ತಿರ ಬಂದು ನೋಡಿದರು. ತಟ್ಟೆ ಖಾಲಿಯಾಗಿತ್ತು, ಆದರೆ ಅರಿಷಿಣದಿಂದ ಹಳದಿಯಾಗಿತ್ತು. ಅಂಥ ತಟ್ಟೆಯನ್ನು ಅವರು ನೋಡಿರಲಿಲ್ಲ. ಇವೊ ಬಗ್ಗಿ ಮೂಸಿದ.

"ಇದು ಮೀನಲ್ಲ."

"ಅಲ್ಲ," ಎಂದರು ಒಡಿಲಮ್ಮ ಕಿಟಕಿಯಿಂದ. ಸ್ವರ ಗಟ್ಟಿಯಾಗಿತ್ತು. "ಲೋರಿನ್‌ಗೆ ಏನಿಷ್ಟ ಅಂತ ನನಗೆ ಗೊತ್ತಿಲ್ಲ. ಮೀನಿನ ಸಾರು ಅಂತ ಸುಳ್ಳು ಬರೆದಿದ್ದೆ."

ಹೆಸರು ಹೋಯಿತು ಎಂದೇ ನಾನು ಅಂದುಕೊಂಡೆ. ಆಗ ಬೆರ್ತಾ ತನ್ನ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಮುಂದೆ ಬಂದಳು.

"ಮೀನಿನ ಸಾರು?" ಎಂದಳು. "ಒಡಿಲಾ, ಅವನಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲವಲ್ಲ! ನಮ್ಮ ಮನೆಗೆ ಬಂದರೆ ಸುಟ್ಟ ಬ್ರೆಡ್ಡಿನ ತುದಿ ಕೇಳುತ್ತಿದ್ದ. ಕರಕಲಾದದ್ದು. ಅವನಿಗೆ ಅಂತಲೇ ಒಂದನ್ನು ಒಲೆಯಲ್ಲಿ ಬಿಡುತ್ತಿದ್ದೆ."

"ಬ್ರೆಡ್ಡೆಲ್ಲ ಸುಳ್ಳು," ಎಂದ ಇವೊ. "ಅವನಿಗೆ ಇಷ್ಟ ಅಂದರೆ ಬಟಾಣಿ ಗಂಜಿ. ನನ್ನ ಹೆಂಡತಿ ಮಾಡುತ್ತಿದ್ದಳು. ಪಾತ್ರೆ ಕೆರೆದು ತಿನ್ನುತ್ತಿದ್ದ."

"ನಿನ್ನ ಮನೆಯಲ್ಲಿ ಅದು ಬಿಟ್ಟರೆ ಬೇರೇನು ಇರುತ್ತಿತ್ತು? ಅದಕ್ಕೇ ತಿಂದ."

ಹಿಂದಿನಿಂದ ಒಬ್ಬಳು ಹುಳಿ ಸೇಬಿನ ಜಾಮ್ ಎಂದಳು. ಇನ್ನೊಬ್ಬ, ದೋಣಿಯಲ್ಲಿ ಯಾವಾಗಲೂ ಹಸಿ ನೀರುಳ್ಳಿ ಕಡಿಯುತ್ತಿದ್ದ, ಪಕ್ಕದಲ್ಲಿ ಮಲಗಲಿಕ್ಕಾಗುತ್ತಿರಲಿಲ್ಲ ಎಂದ. ಹತ್ತೊಂಬತ್ತು ವರ್ಷ ಬಾಯಿ ಬಿಡದಿದ್ದವರು ಈಗ ಒಬ್ಬರ ಮೇಲೊಬ್ಬರು ಬಿದ್ದು ಹೇಳತೊಡಗಿದರು. ಬೆರ್ತಾ ಮತ್ತು ಇವೊ ಜಗಳಕ್ಕೇ ನಿಂತರು. ಒಡಿಲಮ್ಮ ಯಾರ ಬಾಯಿ ನೋಡುವುದೆಂದು ತಿಳಿಯದೆ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಮುಖ ತಿರುಗಿಸುತ್ತಿದ್ದರು.

ಅಂಗಡಿ ಟೀಚರ್ ಬಾಗಿಲಿಗೆ ಬಂದು ಎರಡು ಸಲ ಚಪ್ಪಾಳೆ ತಟ್ಟಿದರು.

"ಏ, ಸುಮ್ನಿರ್ರಿ! ಒಬ್ಬೊಬ್ಬರ ಹೇಳ್ರಿ!"

ಒಂದಕ್ಷರ ತಿಳಿಯದಿದ್ದರೂ ಓಣಿ ಗಪ್‌ಚಿಪ್ ಆಯಿತು. ಟೀಚರ್ ಬೆರಳು ತೋರಿಸಿದವರು ಒಬ್ಬೊಬ್ಬರಾಗಿ ಮುಂದೆ ಬಂದು ಒಡಿಲಮ್ಮನಿಗೆ ಹೇಳಿದರು. ಹೇಳಿ ಮುಗಿಸಿದವರು ಹೋಗಲಿಲ್ಲ, ಬದಿಗೆ ನಿಂತರು. ನಾನು ಹೆಸರನ್ನು ಹಲಗೆಗೆ ಹೊಡೆಯಲಿಕ್ಕೆ ಕಚೇರಿಗೆ ಹೋದೆ. ತಟ್ಟೆ ಖಾಲಿಯಾಗಿ ಹೊರಗೆ ಬಂದಿತ್ತು. ತಕರಾರು ತೆಗೆದವರು ಯಾರೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಟೀಚರ್ ಹೆಸರನ್ನು ವಾಪಸು ಕೊಟ್ಟು ಹಡಗು ಹತ್ತಿದರು. ಒಡಿಲಮ್ಮ ಬೀಳ್ಕೊಡಲು ಬರಲಿಲ್ಲ. ಯಾಕೆ ಬರಲಿಲ್ಲವೆಂದು ಕೇಳೋಣವೆಂದು ಮಧ್ಯಾಹ್ನ ಓಣಿಗೆ ಹೋದೆ. ನೀಲಿ ಕಿಟಕಿಯ ಮನೆ ಮುಚ್ಚಿತ್ತು. ಎದುರು ಬೇಕರಿಯ ಹಿಂಬಾಗಿಲು ತೆರೆದಿತ್ತು. ಒಳಗೆ ಒಲೆಯ ಮುಂದೆ ಒಂದು ಮಣೆಯ ಮೇಲೆ ಒಡಿಲಮ್ಮ ಕೂತಿದ್ದರು, ಮುಖವೆಲ್ಲ ಕೆಂಪಗಾಗಿತ್ತು. ಬೆರ್ತಾ ಪಕ್ಕದಲ್ಲಿ ನಿಂತಿದ್ದಳು.

"ಈಗ ತೆಗೆಯಲೇ?" ಎಂದರು ಒಡಿಲಮ್ಮ.

"ಇನ್ನೂ ಸ್ವಲ್ಪ ಬಿಡು," ಎಂದಳು ಬೆರ್ತಾ. "ಅವನಿಗೆ ಇನ್ನೂ ಕರಕಲಾಗಬೇಕಿತ್ತು."